ಸೇತುವೆಯ ಬಳಿ ನಿಂತ ನೀಲಪ್ಪ

ನಮ್ಮ ಊರಿನಲ್ಲಿ ನೆಲದಿಂದ ಎತ್ತಿಕೊಂಡದ್ದನ್ನು ಮತ್ತೆ ಕೆಳಗಿಡಲು ಬರುವುದಿಲ್ಲ. ಇಡಬಹುದು, ಆದರೆ ಬೆಳಗಾಗುವಷ್ಟರಲ್ಲಿ ಅದು ಹೆಗಲಚೀಲಕ್ಕೆ ಮರಳಿ ಬಂದಿರುತ್ತದೆ. ಅದರಿಂದ ಆಗಬೇಕಾದ ಕೆಲಸ ಆದ ದಿನ ತಾನಾಗಿಯೇ ಇಳಿದುಹೋಗುತ್ತದೆ, ಅಲ್ಲಿಯವರೆಗೆ ಹೊರಬೇಕು. ದುಡ್ಡು ಕೊಟ್ಟು ತಂದದ್ದಕ್ಕೆ, ಯಾರೋ ಕೈಗೆ ಕೊಟ್ಟದ್ದಕ್ಕೆ ಈ ಕಟ್ಟಿಲ್ಲ. ಬಗ್ಗಿ ಎತ್ತಿಕೊಂಡದ್ದಕ್ಕೆ ಮಾತ್ರ. ಆದ್ದರಿಂದ ನಮ್ಮವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ಮಗು ಅಂಬೆಗಾಲಿಡಲು ಶುರುಮಾಡಿದೊಡನೆ ಅದರ ಕೊರಳಿಗೆ ಪುಟ್ಟ ಚೀಲವೊಂದನ್ನು ಹೊಲಿದು ಹಾಕುತ್ತಾರೆ, ಏಕೆಂದರೆ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ. ಅಂಚೆಯ ಕರಿಯಪ್ಪನವರು ಗಾಡಿಯ ಕಡಾಣಿಯೊಂದನ್ನು ಹತ್ತೊಂಬತ್ತು ವರ್ಷ ಹೊತ್ತರು. ಒಂದು ಬೆಳಿಗ್ಗೆ ಮದುವೆ ದಿಬ್ಬಣದ ಗಾಡಿಯ ಚಕ್ರ ಕಳಚಿ ಬೀಳುವುದರಲ್ಲಿತ್ತು. ಕರಿಯಪ್ಪನವರು ಓಡಿಹೋಗಿ ಕಡಾಣಿ ಸಿಕ್ಕಿಸಿದರು, ಆಮೇಲೆ ಅಲ್ಲೇ ರಸ್ತೆಯಲ್ಲಿ ಕುಳಿತು ಅತ್ತರು.

ಇದರಿಂದ ಹುಟ್ಟಿದ ಎರಡು ಮರ್ಯಾದೆಗಳಿವೆ. ಒಂದು, ಚೀಲದಲ್ಲಿ ಏನಿದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಎರಡನೆಯದು, ಕಳೆದುಹೋದ ವಸ್ತುವಿಗೆ ಬದಲಿಯನ್ನು ತರುವುದಿಲ್ಲ. ಅದು ಯಾರದೋ ಚೀಲದಲ್ಲಿರುತ್ತದೆ, ಬದಲಿ ತಂದುಬಿಟ್ಟರೆ ಹೊತ್ತವನು ಸಾಯುವವರೆಗೂ ಹೊರಬೇಕಾಗುತ್ತದೆ. ಸತ್ತವರ ಬಗ್ಗೆ ನಮ್ಮಲ್ಲಿ ಆಡುವ ದೊಡ್ಡ ಹೊಗಳಿಕೆಯೆಂದರೆ, ಚೀಲ ಖಾಲಿ ಮಾಡಿಕೊಂಡು ಹೋದರು ಎನ್ನುವುದು. ನಮ್ಮ ತಂದೆಯ ಬಗ್ಗೆ ಊರು ಹಾಗೆ ಹೇಳಿತು.

ನಮ್ಮ ತಂದೆ ಕಾವ್ಯ ವಾಚನ ಮಾಡುತ್ತಿದ್ದವರು. ಸಂಜೆ ದೀಪ ಹಚ್ಚಿದ ಮೇಲೆ ದೇವಸ್ಥಾನದ ಮಂಟಪದಲ್ಲಿ ಕುಳಿತು ಅವರು ರಾಗವಾಗಿ ಪದ್ಯ ಓದುವರು, ಪಕ್ಕದಲ್ಲಿ ಅಂಬಕ್ಕ ಅದರ ಅರ್ಥ ಬಿಡಿಸುವರು. ಅಂಬಕ್ಕ ನಮ್ಮ ಬೀದಿಯವರೇ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಒಂದು ಪದ್ಯದ ಮೇಲೆ ಒಂದು ಸಂಜೆಯೆಲ್ಲ ಮಾತಾಡಬಲ್ಲವರು. ನನಗೆ ಕಂಠವೂ ಇರಲಿಲ್ಲ, ಮಾತೂ ಬರುತ್ತಿರಲಿಲ್ಲ. ಒಮ್ಮೆ ಕೇಳಿದ್ದು ಮಾತ್ರ ಮರೆಯುತ್ತಿರಲಿಲ್ಲ. ಅದಕ್ಕೇ ಅಪ್ಪ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಕೇಳುವುದೂ ಒಂದು ಸೇವೆ, ಕೇಳುವವನು ಹಚ್ಚಿಟ್ಟ ದೀಪದ ಹಾಗಿರಬೇಕು, ನಡುವೆ ಬಾಯಿ ಹಾಕಬಾರದು ಎನ್ನುತ್ತಿದ್ದರು. ನಾನು ಹಾಗೆಯೇ ಇದ್ದೆ. ಮುಂದೆ ಊರಿನ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುವ ಕೆಲಸ ಸಿಕ್ಕಿತು. ಅಲ್ಲಿಯೂ ಗೋಡೆಯ ಮೇಲೆ ಮೌನವಾಗಿರಿ ಎಂದು ಬರೆದಿತ್ತು.

ಅಪ್ಪ ತೀರಿಕೊಂಡ ಮೇಲೆ ಮಂಟಪದಲ್ಲಿ ಸಂಜೆ ಬರಿದಾಯಿತು. ಆ ವರ್ಷವೇ ಪರಸ್ಥಳದಿಂದ ಒಬ್ಬ ತರುಣ ಕಂಪ್ಯೂಟರ್ ಕಲಿಸುತ್ತೇನೆಂದು ಬಂದು, ಮಂಟಪದ ಒಂದು ಮೂಲೆಯಲ್ಲಿ ಯಂತ್ರವನ್ನು ಹೂಡಿದ. ಕಲಿಯಲು ಮೂವರು ಬಂದರು. ಒಂದು ದಿನ ಅವನು ದಾರಿಯಲ್ಲಿ ಬಿದ್ದಿದ್ದ ಕೊಡೆಯ ಕಡ್ಡಿಯೊಂದನ್ನು ಸುಮ್ಮನೆ ಎತ್ತಿಕೊಂಡ. ಎಸೆದ. ನಾಲ್ಕು ಬೆಳಿಗ್ಗೆ ಅದು ಅವನ ಚೀಲಕ್ಕೆ ಮರಳಿ ಬಂದ ಮೇಲೆ, ಐದನೆಯ ಬೆಳಿಗ್ಗೆ ಅವನೇ ಊರಿನಲ್ಲಿರಲಿಲ್ಲ. ಯಂತ್ರ ಉಳಿಯಿತು.

ಅದರೊಳಗೆ ಒಂದು ಆಟವಿತ್ತು. ಹಿಮ ಬೀಳುವ ಒಂದು ಊರು, ನೀಲಿ ಕೋಟು ಹಾಕಿದ ಬಡಕಲು ಹುಡುಗ. ಅವನ ತಂಗಿಯನ್ನು ಯಾರೋ ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದ್ದಾರೆ, ಅವನು ಹುಡುಕಿಕೊಂಡು ಬಂದಿದ್ದಾನೆ. ಹೊಡೆದಾಟವಿಲ್ಲ, ಓಟವಿಲ್ಲ. ಮೌಸ್ ಹಿಡಿದು ಬಾಣದ ಗುರುತನ್ನು ಒಂದು ವಸ್ತುವಿನ ಮೇಲೆ ತಂದು ಒತ್ತಿದರೆ ಹುಡುಗ ಅಲ್ಲಿಗೆ ನಡೆದು ಹೋಗುತ್ತಾನೆ. ಪರದೆಯ ಕೆಳಗೆ ನೋಡು, ತೆಗೆದುಕೋ, ಕೊಡು, ತೆರೆ, ಮಾತಾಡು, ಬಳಸು ಎಂಬ ಅರ್ಥದ ಇಂಗ್ಲಿಷ್ ಮಾತುಗಳಿದ್ದವು. ಅವುಗಳ ಪಕ್ಕದಲ್ಲಿ, ಹುಡುಗ ಇದುವರೆಗೆ ಎತ್ತಿಕೊಂಡ ವಸ್ತುಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಕೆಲಸವಾಗುವವರೆಗೆ ಅವು ಅಲ್ಲಿಂದ ಹೋಗುತ್ತಿರಲಿಲ್ಲ. ಮೊದಲ ಸಂಜೆ ಆ ಸಾಲನ್ನು ನೋಡಿದ ನಮ್ಮವರ ಕೈ ತಂತಮ್ಮ ಚೀಲದ ಮೇಲೆ ಹೋಯಿತು.

ಅಂಬಕ್ಕ ಹೇಳಿದರು, "ಇವನೂ ನಮ್ಮೂರವನೇ."

ಅವನ ಹೆಸರು ಯಾರ ನಾಲಿಗೆಗೂ ಹೊರಳದೆ ನೀಲಪ್ಪನೆಂದಾಯಿತು. ಆ ಸಂಜೆಯಿಂದ ವಾಚನ ಮತ್ತೆ ಶುರುವಾಯಿತು. ಪರದೆಯ ಮೇಲೆ ಮೂಡುವ ಇಂಗ್ಲಿಷನ್ನು ಅಂಬಕ್ಕನ ತಮ್ಮ ಭುಜಂಗರಾಯರು ಓದಿ ಕನ್ನಡದಲ್ಲಿ ಹೇಳುವರು. ಅವರು ತಂತಿ ಕಚೇರಿಯಲ್ಲಿದ್ದು ನಿವೃತ್ತರಾದವರು, ಮಾತನ್ನು ತಂತಿಯ ಹಾಗೆಯೇ ಚುಟುಕಾಗಿ ಆಡುವರು. ಅದರ ಅರ್ಥವನ್ನು ಅಂಬಕ್ಕ ಹಿಗ್ಗಿಸಿ ಹೇಳುವರು. ಮೌಸ್ ಹಿಡಿಯಲು ನಡುಗದ ಕೈ ಬೇಕಿತ್ತು, ಅದಕ್ಕೆ ದರ್ಜಿ ಕಾಸಿಂ ಸಾಹೇಬರನ್ನು ಕರೆದರು. ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಹಾಕುವ ಕೈ ಅದು. ಎದುರಿಗೆ ನಲವತ್ತು ಐವತ್ತು ಜನ, ಮೊದಲ ಸಾಲಿನಲ್ಲಿ ನಾನು.

ಬೇರೆ ಊರುಗಳಲ್ಲಿ ಇಂಥ ಆಟವನ್ನು ಹುಡುಗರು ನಾಲ್ಕು ದಿನದಲ್ಲಿ ಮುಗಿಸುತ್ತಿದ್ದರಂತೆ. ನಮಗೆ ಒಂದು ಹಗ್ಗವನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಮೂರು ಸಂಜೆ ಹಿಡಿಯಿತು. ಎತ್ತಿಕೊಂಡರೆ ಹೊರುವವನು ಆ ಹುಡುಗ, ನಾವಲ್ಲ ಎಂಬುದು ಎಲ್ಲರ ಮನಸ್ಸಿನಲ್ಲಿತ್ತು. ಕಾಸಿಂ ಸಾಹೇಬರು ಮಾತ್ರ ಮೊದಲ ಕೋಣೆಯಲ್ಲೇ ಯಾರನ್ನೂ ಕೇಳದೆ ನೆಲದ ಮೇಲಿದ್ದ ಒಂದು ಕತ್ತರಿಯನ್ನು ಎತ್ತಿಸಿಬಿಟ್ಟಿದ್ದರು. ಕತ್ತರಿ ಕಾಲ ಬಳಿ ಬಿದ್ದಿದ್ದರೆ ದರ್ಜಿ ನೋಡಿಕೊಂಡಿರಲಾರನಂತೆ. ಆ ಕತ್ತರಿಯಿಂದ ಮುಂದೆ ಏನೂ ಉಪಯೋಗವಾಗಲಿಲ್ಲ. ಆ ಊರಿನ ಕಿಟಕಿ ಪರದೆಗಳ ಮೇಲೆ, ಬಾವುಟದ ಮೇಲೆ, ಹರಿದ ಜಮಖಾನದ ಮೇಲೆ ಅದನ್ನು ಬಳಸಿ ನೋಡಿದ್ದಾಯಿತು. ಪ್ರತಿ ಸಲವೂ ಯಂತ್ರ ಒಂದೇ ವಾಕ್ಯ ಹೇಳಿತು, ಭುಜಂಗರಾಯರು ಅದನ್ನು ಒಂದೇ ಧಾಟಿಯಲ್ಲಿ ಓದಿದರು: ಅದರಿಂದ ಏನೂ ಆಗದು. ಈ ಮಾತು ಊರಿನಲ್ಲಿ ಗಾದೆಯಾಯಿತು. ಹೆಣ್ಣು ಕೇಳಲು ಬಂದವರಿಗೂ ಇದೇ ಉತ್ತರ, ಹಲ್ಲುನೋವಿಗೆ ಲವಂಗ ಇಡು ಎಂದವರಿಗೂ ಇದೇ. ಹೆಂಗಸರು ಕಾಸಿಂ ಸಾಹೇಬರನ್ನು ಬಿಡುತ್ತಿರಲಿಲ್ಲ. ನಿಮ್ಮ ಕತ್ತರಿ ಹೊತ್ತು ಹೊತ್ತು ಆ ಹುಡುಗನ ಹೆಗಲು ಬಿದ್ದುಹೋಯ್ತು ಸಾಹೇಬರೇ ಎನ್ನುವರು. ಅವರು ತಲೆ ತಗ್ಗಿಸಿ ನಗುವರು.

ಮೂರನೆಯ ತಿಂಗಳಲ್ಲಿ ನೀಲಪ್ಪನಿಗೆ ಒಂದು ರೊಟ್ಟಿ ಸಿಕ್ಕಿತು. ಬ್ರೆಡ್ಡು ಎಂದರು ರಾಯರು, ರೊಟ್ಟಿ ಎಂದು ಅಂಬಕ್ಕ ತಿದ್ದಿದರು. ಮುಂದಿನ ಬೀದಿಯಲ್ಲಿ ಹಿಮದೊಳಗೆ ಒಬ್ಬ ಮುದುಕಿ ಕುಳಿತಿದ್ದಳು. ಮಾತಾಡಿಸಿದಾಗ ಅವಳು ಹೇಳಿದ್ದನ್ನು ರಾಯರು ಓದಿದರು: ಹಸಿವು, ಅಪ್ಪ. ಅರ್ಧ ರೊಟ್ಟಿಯಾದರೂ ಸಾಕು. ಆ ಸಂಜೆ ಅಂಬಕ್ಕ ಕೊಟ್ಟ ವ್ಯಾಖ್ಯಾನ ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೇಡುವವರು ನಾಚಿಕೆಯಿಂದ ಅರ್ಧ ಕೇಳುತ್ತಾರೆ, ಕೊಡುವವನು ಅರ್ಧ ಕೊಟ್ಟರೆ ಅವನಿಗೆ ನಾಚಿಕೆಯಾಗಬೇಕು ಎಂದರು. ಹಸಿದು ಬಂದ ಅತಿಥಿಗೆ ತನ್ನ ಪಾಲನ್ನೆಲ್ಲ ಬಡಿಸಿ ನೀರು ಕುಡಿದು ಮಲಗಿದವರ ಕಥೆಗಳನ್ನು ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ಕೊಡಿ ಸಾಹೇಬರೇ ಎಂದು ಇಡೀ ಮಂಟಪ ಹೇಳಿತು, ಕಾಸಿಂ ಸಾಹೇಬರು ಇಡೀ ರೊಟ್ಟಿ ಕೊಟ್ಟರು. ದೇವರು ನಿನ್ನ ದಾರಿ ತೆರೆಯಲಿ ಎಂದಳು ಮುದುಕಿ. ಕೊಟ್ಟದ್ದಕ್ಕೆ ಪ್ರತಿಯಾಗಿ ಚೀಲಕ್ಕೆ ಏನೂ ಬರಲಿಲ್ಲ, ಯಾರೂ ಬಯಸಲೂ ಇಲ್ಲ. ಅರ್ಧ ಎಂದ ಮಾತು ನನ್ನೊಳಗೆ ಸಣ್ಣಗೆ ಚುಚ್ಚುತ್ತಿತ್ತು. ಆದರೆ ನಾನು ಕೇಳುವವನು.

ಆಮೇಲೆ ಸೇತುವೆ ಬಂತು. ಆಚೆ ಗೋಪುರ ಕಾಣುತ್ತಿತ್ತು, ಅದರ ಕಿಟಕಿಯಲ್ಲಿ ಒಂದು ಪುಟ್ಟ ದೀಪ. ಸೇತುವೆಯ ಮೇಲೆ ಒಂದು ಕರಿ ನಾಯಿ ಅಡ್ಡ ಮಲಗಿತ್ತು. ಹಗ್ಗ ತೋರಿಸಿದರೂ, ಮೂಳೆ ಕೊಟ್ಟರೂ, ಕೊಳಲೂದಿದರೂ ಏಳಲಿಲ್ಲ. ಅದರಿಂದ ಏನೂ ಆಗದು. ನಾಲ್ಕು ತಿಂಗಳು ನಾವು ಅಲ್ಲಿಯೇ ನಿಂತೆವು. ಆ ದಿನಗಳನ್ನು ನೆನೆದರೆ ಈಗಲೂ ಹಿತವಾಗುತ್ತದೆ. ಊರಿಗೆ ಊರೇ ಒಂದು ನಾಯಿಯನ್ನು ಎಬ್ಬಿಸುವುದು ಹೇಗೆಂದು ಯೋಚಿಸುತ್ತಿತ್ತು. ನೀರಿನ ಕಟ್ಟೆಯಲ್ಲಿ, ಹೊಲದ ಬದುವಿನಲ್ಲಿ, ಕ್ಷೌರದಂಗಡಿಯಲ್ಲಿ ಅದೇ ಮಾತು. ಯಾರಿಗಾದರೂ ಏನಾದರೂ ಹೊಳೆದರೆ ಸಂಜೆಯವರೆಗೆ ಬಚ್ಚಿಟ್ಟುಕೊಂಡು ಬರುವರು, ಸಾಹೇಬರ ಕಿವಿಯಲ್ಲಿ ಉಸುರುವರು. ಆಗದು ಎಂದು ಯಂತ್ರ ಹೇಳಿದಾಗ ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಡುವರು. ಮುದುಕಿಯ ಹತ್ತಿರ ದಿನವೂ ಹಿಂತಿರುಗಿ ಹೋಗುವರು, ಕೊಟ್ಟ ದಾನ ಎಲ್ಲೋ ಒಂದು ಕಡೆ ಬಾಗಿಲಾಗಿ ತೆರೆಯಲೇಬೇಕೆಂದು. ಅವಳು ಮಾತ್ರ ಕುಳಿತಲ್ಲಿಯೇ ನಗುತ್ತಿದ್ದಳು.

ನಾಯಿಗೆ ಬೇಕಾದದ್ದು ರೊಟ್ಟಿ ಎಂದು ಭುಜಂಗರಾಯರು ಕಂಡುಹಿಡಿದರು. ಅದರ ಕೊರಳಪಟ್ಟಿಯ ಮೇಲೆ ರೊಟ್ಟಿಯಂಗಡಿಯ ಗುರುತಿತ್ತು. ಅಂಗಡಿ ಆಗಲೇ ಮುಚ್ಚಿಹೋಗಿತ್ತು, ಮತ್ತೊಂದು ರೊಟ್ಟಿ ಆ ಊರಿನಲ್ಲೆಲ್ಲೂ ಇರಲಿಲ್ಲ. ನಡೆದಷ್ಟು ಕಥೆಯನ್ನು ಯಂತ್ರದಲ್ಲಿ ಇಟ್ಟುಕೊಳ್ಳಲು ನಮಗೆ ತಿಳಿದಿದ್ದದ್ದು ಒಂದೇ ಜಾಗ. ಪ್ರತಿ ಸಂಜೆ ಹಿಂದಿನದರ ಮೇಲೆಯೇ ಇಡುತ್ತಾ ಬಂದಿದ್ದೆವು. ಹಿಂದೆ ಹೋಗುವುದೆಂದರೆ ಮೊದಲಿಗೇ ಹೋಗಬೇಕು.

"ಅಕ್ಕ, ನಾಳೆ ಮೊದಲಿಂದ ಶುರು ಮಾಡೋಣ. ಈ ಸಲ ಆ ಮುದುಕಿಗೆ ರೊಟ್ಟಿ ಕೊಡೋದು ಬೇಡ," ಎಂದರು ರಾಯರು.

"ಕೊಟ್ಟದ್ದನ್ನ ಕೊಡಲೇ ಇಲ್ಲ ಅನ್ನಿಸೋದಾ? ಅವಳು ತಿಂದಾಗಿದೆ ಭುಜಂಗ."

"ತಿಂದದ್ದು ಚಿತ್ರದ ಮುದುಕಿ."

"ನೀನು ಹುಡುಕ್ತಿರೋದೂ ಚಿತ್ರದ ತಂಗಿನೇ. ಅವಳಿಗೋಸ್ಕರ ನಾಲ್ಕು ತಿಂಗಳಿಂದ ಊಟ ಸೇರ್ತಿಲ್ಲ ನಿನಗೆ."

ಜನ ನಕ್ಕರು. ನಗಬಾರದಿತ್ತು. ರಾಯರು, ನಿನ್ನ ಪುರಾಣದಿಂದಲೇ ಕಥೆ ಕೆಟ್ಟಿತು ಎಂದರು. ಅಂಬಕ್ಕ, ಹಸಿದವಳ ಕೈಯಿಂದ ರೊಟ್ಟಿ ಕಿತ್ತು ನಾಯಿಗೆ ಹಾಕುವ ಕಥೆಗೆ ನಾನು ಅರ್ಥ ಹೇಳುವುದಿಲ್ಲ ಎಂದರು. ರಾಯರು ಸರ್ರನೆ ಎದ್ದರು. ಅವರ ಶಾಲಿನ ತುದಿ ಮೌಸಿನ ತಂತಿಗೆ ಸಿಕ್ಕಿ ಅದು ಕೆಳಗೆ ಬಿತ್ತು, ಹೊಟ್ಟೆಯ ಮುಚ್ಚಳ ಕಳಚಿತು. ಆ ಕಾಲದ ಮೌಸಿನೊಳಗೆ ನೆಲ್ಲಿಕಾಯಿಯಷ್ಟು ದೊಡ್ಡ ರಬ್ಬರಿನ ಗುಂಡೊಂದು ಇರುತ್ತಿತ್ತು. ಅದು ಉರುಳಿದರೆ ಮಾತ್ರ ಪರದೆಯ ಮೇಲೆ ಬಾಣ ಸರಿಯುತ್ತಿತ್ತು. ಆ ಗುಂಡು ಕಲ್ಲುಹಾಸಿನ ಮೇಲೆ ಉರುಳಿ ಬಂದು ನನ್ನ ಪಾದದ ಬಳಿ ನಿಂತಿತು. ನಾಳೆ ಆ ಮುದುಕಿಗೆ ಇಲ್ಲವೆನ್ನುವುದನ್ನು ನಾನು ಮೊದಲ ಸಾಲಿನಲ್ಲಿ ಕುಳಿತು ಕೇಳಬೇಕಲ್ಲ ಎಂದುಕೊಂಡೆ. ಬಗ್ಗಿದೆ, ಎತ್ತಿಕೊಂಡೆ.

ಯಾರಿಗಾದರೂ ಸಿಕ್ಕಿತೇ ಎಂದು ಕಾಸಿಂ ಸಾಹೇಬರು ಒಮ್ಮೆ ಕೇಳಿದರು. ನಮ್ಮಲ್ಲಿ ಒಮ್ಮೆ ಮಾತ್ರ ಕೇಳುತ್ತಾರೆ. ನಾನು ಸುಮ್ಮನಿದ್ದೆ. ಒಂದೆರಡು ದಿನ ಕಳೆದು, ಇಬ್ಬರ ಸಿಟ್ಟೂ ಇಳಿದ ಮೇಲೆ ಕೊಟ್ಟರಾಯಿತೆಂದು ನನ್ನ ಲೆಕ್ಕ. ಆದರೆ ಎರಡು ದಿನದೊಳಗೆ ಮಾತು ಬೇರೆ ದಾರಿ ಹಿಡಿದಿತ್ತು. ಗುಂಡನ್ನು ಎತ್ತಿಟ್ಟುಕೊಂಡದ್ದು ಅಕ್ಕನೇ, ಆಟ ನಿಲ್ಲಿಸಲಿಕ್ಕೆ ಎಂದು ರಾಯರು ನಂಬಿದ್ದರು. ಬೇಕೆಂದೇ ಬೀಳಿಸಿ ಎತ್ತಿಕೊಂಡವನು ತಮ್ಮನೇ, ನನ್ನನ್ನು ಬಗ್ಗಿಸಲಿಕ್ಕೆ ಎಂದು ಅಂಬಕ್ಕ ನಂಬಿದ್ದರು. ಚೀಲದಲ್ಲೇನಿದೆ ಎಂದು ಕೇಳುವಂತಿಲ್ಲವಾದ್ದರಿಂದ ಇಬ್ಬರೂ ಕೇಳಲಿಲ್ಲ. ಅವರದು ನಡುಗೋಡೆಯಿಂದ ಎರಡು ಭಾಗವಾದ ಒಂದೇ ಮನೆ, ಗೋಡೆಯಲ್ಲಿ ಒಂದು ಬಾಗಿಲು. ಆ ವಾರ ಅದಕ್ಕೆ ಎರಡೂ ಕಡೆಯಿಂದ ಅಗುಳಿ ಬಿತ್ತು. ಆಗ ಗುಂಡನ್ನು ಹೊರಗೆ ತೆಗೆಯುವುದೆಂದರೆ ಈ ಅಗುಳಿಗಳೂ ನನ್ನವೇ ಎಂದು ಒಪ್ಪಿಕೊಂಡಂತೆ. ನಾಳೆ ಎಂದೆ. ನಾಳೆ ಎಂದು ಇಪ್ಪತ್ತೆರಡು ವರ್ಷ ಹೋಯಿತು.

ಗುಂಡನ್ನು ನಾನು ಕಲ್ಯಾಣಿಗೆ ಹಾಕಿದೆ, ದೇವರ ಹುಂಡಿಗೆ ಹಾಕಿದೆ, ತುಳಸಿಕಟ್ಟೆಯ ಮಣ್ಣಿನಲ್ಲಿ ಹೂತೆ. ಬೆಳಿಗ್ಗೆ ಚೀಲಕ್ಕೆ ಕೈ ಹಾಕಿದರೆ ಅಲ್ಲಿಯೇ ಇರುತ್ತಿತ್ತು, ಸ್ವಲ್ಪ ಬೆಚ್ಚಗೆ, ಮೈಗೆಲ್ಲ ನೂಲಿನ ಜುಂಗು ಅಂಟಿಸಿಕೊಂಡು. ಸಂಧ್ಯಾವಂದನೆಗೆ ಕುಳಿತಾಗ ಚೀಲವನ್ನು ಗೂಟಕ್ಕೆ ಹಾಕಿರುತ್ತಿದ್ದೆ. ಕಣ್ಣು ಮುಚ್ಚಿದರೆ ಅದು ಉರುಳುವ ಸದ್ದೇ ಕೇಳುತ್ತಿತ್ತು.

ಊರು ಬದಲಿ ಗುಂಡನ್ನು ತರಿಸಲಿಲ್ಲ. ಹೊತ್ತವನ ಮೇಲಿನ ಕರುಣೆಯಿಂದ ತರಿಸಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ಕಾಸಿಂ ಸಾಹೇಬರು ಯಂತ್ರವನ್ನು ತಮ್ಮ ಅಂಗಡಿಗೆ ಒಯ್ದು, ಮೇಲೆ ಹಳೆಯ ಪರದೆ ಬಟ್ಟೆ ಹೊದಿಸಿ ಇಟ್ಟರು. ತಿಂಗಳಿಗೊಮ್ಮೆ ಬಟ್ಟೆ ಸರಿಸಿ ಅದನ್ನು ಹಚ್ಚುವರು, ಗಡಿಯಾರಕ್ಕೆ ಕೀ ಕೊಟ್ಟ ಹಾಗೆ. ಇಟ್ಟಿದ್ದ ಕಥೆಯನ್ನು ಕೀಲಿಮಣೆಯ ಒಂದು ಗುಂಡಿ ಒತ್ತಿ ತೆರೆಯಬಹುದಿತ್ತು, ಅಷ್ಟೇ. ಸೇತುವೆಯ ಬಳಿ ನೀಲಪ್ಪ ನಿಂತಿರುವನು. ಹಿಮ ಬೀಳುತ್ತಿರುವುದು. ಬಹಳ ಹೊತ್ತು ಏನೂ ಮಾಡದಿದ್ದರೆ ಅವನು ಕೈ ಉಜ್ಜಿಕೊಂಡು ನಮ್ಮ ಕಡೆ ತಿರುಗಿ ನೋಡುವನು. ಬಾಣ ಮಾತ್ರ ಪರದೆಯ ನಡುವೆ ಅಲುಗಾಡದೆ ನಿಂತಿರುವುದು. ನಾನು ಆ ದಿನವನ್ನು ನೆನಪಿಟ್ಟು, ಯಾವುದಾದರೊಂದು ಅಂಗಿ ಹಿಡಿದು ಅಂಗಡಿಗೆ ಹೋಗುತ್ತಿದ್ದೆ. ದಾರಿಯಲ್ಲಿ ಹೋಗುವವರೂ ಒಳಗೆ ಬರುವರು, ಒಂದು ಗಳಿಗೆ ನಿಂತು ನೋಡಿ, ಪಾಪ ಇನ್ನೂ ಅಲ್ಲೇ ಇದ್ದಾನಲ್ಲ ಎಂದು ಹೋಗುವರು. ಅವರಲ್ಲಿ ಕೆಲವರಿಗೆ ಈಗ ಮೊಮ್ಮಕ್ಕಳು. ಮೊಮ್ಮಕ್ಕಳ ಫೋನಿನಲ್ಲಿ ಬೇಕಾದಷ್ಟು ಆಟಗಳಿವೆ. ಒಂದು ಕಡೆ ಎಲ್ಲರೂ ಸೇರಿ ನಾಲ್ಕು ತಿಂಗಳು ಸಿಕ್ಕಿಹಾಕಿಕೊಳ್ಳುವ ಸುಖ ಅವುಗಳಲ್ಲಿ ಇದ್ದಂತೆ ಕಾಣುವುದಿಲ್ಲ.

ಹೋದ ಕಾರ್ತಿಕದಲ್ಲಿ ಅಂಬಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಎಂಬತ್ತೊಂದರ ವಯಸ್ಸು, ಇನ್ನು ಏಳುವುದಿಲ್ಲವೆಂದು ಡಾಕ್ಟರು ಹೇಳಿದರು. ದಿನವೂ ವಾಚನಾಲಯದ ಬಾಗಿಲು ಹಾಕಿದ ಮೇಲೆ ನಾನು ಹೋಗಿ ಪತ್ರಿಕೆ ಓದಿ ಹೇಳುತ್ತಿದ್ದೆ. ಕಣ್ಣೂ ಮಂಜಾಗಿತ್ತು ಅವರಿಗೆ. ಒಂದು ದಿನ ಪತ್ರಿಕೆ ಸಾಕೆಂದು ಕೈ ಮಾಡಿದರು.

"ಶ್ರೀಪತಿ, ಆ ಹುಡುಗನಿಗೆ ತಂಗಿ ಸಿಕ್ಕಿದ್ಲೋ ಇಲ್ವೋ ತಿಳೀದೇನೇ ಹೋಗ್ತೀನಿ ಕಣೋ. ಆ ಗುಂಡು ಭುಜಂಗನ ಚೀಲದಲ್ಲೇ ಇದೆ. ಇರ್ಲಿ. ಅವನಿಗೂ ವಯಸ್ಸಾಯ್ತು, ಹೊರೋದು ಕಷ್ಟ ಅವನಿಗೆ."

ಗೋಡೆಯಾಚೆಯಿಂದ ರಾಯರ ಕೆಮ್ಮು ಕೇಳುತ್ತಿತ್ತು. ಅವರ ಭಾಗಕ್ಕೆ ಹೋದರೆ, ಅಕ್ಕ ಊಟ ಮಾಡಿದಳೇ ಎಂದು ನನ್ನನ್ನು ಕೇಳಿದರು. ನೀವೇ ಒಮ್ಮೆ ನೋಡಿ ಬನ್ನಿ ಎಂದೆ. ಅವಳು ಆ ಗುಂಡನ್ನು ಕೆಳಗಿಡಲಿ, ಬರುತ್ತೇನೆ, ಅದನ್ನು ಹೊತ್ತುಕೊಂಡೇ ಹೋಗುತ್ತಾಳಲ್ಲ ಎನ್ನುವುದೇ ನನಗೆ ಸಂಕಟ ಎಂದರು. ಇಬ್ಬರೂ ಒಬ್ಬರ ಚೀಲದ ಭಾರಕ್ಕೆ ಇನ್ನೊಬ್ಬರು ಮರುಗುತ್ತಿದ್ದರು. ಆ ಭಾರ ನನ್ನ ಹೆಗಲಿನಲ್ಲಿತ್ತು.

ನಾನು ನೇರವಾಗಿ ಕಾಸಿಂ ಸಾಹೇಬರ ಅಂಗಡಿಗೆ ಹೋಗಿ, ಅವರ ಮೇಜಿನ ಮೇಲೆ ಗುಂಡನ್ನಿಟ್ಟೆ. ಅವರು ಕಾಜ ಹೊಲಿಯುತ್ತಿದ್ದರು. ಹೊಲಿಗೆ ಮುಗಿಸಿ, ದಾರ ಕಡಿದು, ಆಮೇಲೆ ಕನ್ನಡಕದ ಮೇಲಿನಿಂದ ನೋಡಿದರು.

"ಇಪ್ಪತ್ತೆರಡು ವರ್ಷದಿಂದ ಹರೀದೇ ಇರೋ ಅಂಗೀನೆಲ್ಲ ರಿಪೇರಿಗೆ ತರ್ತಿದ್ರಲ್ಲ ಸ್ವಾಮಿ. ಪಾಪ, ಇವರ ಕಣ್ಣು ಕೆಟ್ಟಿದೆ ಅಂದ್ಕೊಂಡಿದ್ದೆ."

ಅವರು ಮತ್ತೇನೂ ಕೇಳಲಿಲ್ಲ. ಒಂದು ಲೋಟ ಚಹಾ ಕುಡಿಸಿ, ಗುಂಡನ್ನು ನನ್ನ ಕೈಗೇ ಮರಳಿ ಕೊಟ್ಟು, ಇದನ್ನು ಹಾಕುವ ಜಾಗ ಇದಲ್ಲ, ಅವರಿಬ್ಬರ ಎದುರಿಗೆ ಹಾಕಬೇಕು ಎಂದರು. ಮರುದಿನ ಮಧ್ಯಾಹ್ನ ಯಂತ್ರವನ್ನು ತಳ್ಳುಗಾಡಿಯ ಮೇಲಿಟ್ಟು ಒಯ್ದೆವು. ಸಾಹೇಬರು ಮೊದಲು ಅಂಬಕ್ಕನ ಕಡೆಯ ಅಗುಳಿ ತೆಗೆದರು, ಆಮೇಲೆ ಬೀದಿ ಸುತ್ತಿ ಹೋಗಿ ರಾಯರಿಂದ ಆಚೆಯ ಅಗುಳಿ ತೆಗೆಸಿದರು. ಯಂತ್ರವನ್ನು ಸರಿಯಾಗಿ ಹೊಸ್ತಿಲ ಮೇಲೆ ಒಂದು ಮಣೆ ಹಾಕಿ ಇಟ್ಟರು. ಈಚೆ ಮಂಚದ ಮೇಲೆ ಅಂಬಕ್ಕ, ಆಚೆ ಕುರ್ಚಿಯಲ್ಲಿ ರಾಯರು. ಇಬ್ಬರೂ ಯಂತ್ರವನ್ನು ನೋಡಿದರೇ ಹೊರತು ಒಬ್ಬರನ್ನೊಬ್ಬರು ನೋಡಲಿಲ್ಲ.

ನಾನು ಚೀಲದಿಂದ ಗುಂಡನ್ನು ತೆಗೆದು ಹೊಸ್ತಿಲ ಮೇಲೆ ಹಿಡಿದೆ. ನನ್ನ ಹತ್ತಿರವೇ ಇತ್ತು, ಅವತ್ತಿನಿಂದಲೂ ನನ್ನ ಹತ್ತಿರವೇ ಇತ್ತು ಎಂದೆ. ರಾಯರು ಕನ್ನಡಕ ತೆಗೆದು ಶಾಲಿನಲ್ಲಿ ಒರೆಸತೊಡಗಿದರು. ಅಂಬಕ್ಕ, ಹಾಗಾದರೆ ಭುಜಂಗನಲ್ಲ ಎಂದರು, ಯಾರಿಗೂ ಹೇಳದ ಹಾಗೆ. ನನ್ನನ್ನು ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಕಾಸಿಂ ಸಾಹೇಬರು ಗುಂಡಿನ ಜುಂಗನ್ನು ಚಿಮಟದಿಂದ ಬಿಡಿಸಿ, ಉಸಿರೂದಿ, ಒಳಗೆ ಹಾಕಲು ನನಗೇ ಹೇಳಿದರು. ಹಾಕಿ ಮುಚ್ಚಳ ತಿರುಗಿಸಿದೆ. ಪರದೆಯ ಮೇಲೆ ಬಾಣ ಒಂದು ಬೆರಳಿನಷ್ಟು ಸರಿಯಿತು.

ಮೊದಲಿನಿಂದ ಶುರುವಾಯಿತು. ರೊಟ್ಟಿಯ ಮಾತು ಎತ್ತದೆಯೇ ಇಬ್ಬರೂ ಒಪ್ಪಿದಂತಿತ್ತು. ರಾಯರು ಓದಿದರು, ಅಂಬಕ್ಕ ಕಣ್ಣು ಮುಚ್ಚಿಕೊಂಡು ಅರ್ಥ ಹೇಳಿದರು. ಪರಸ್ಪರ ಒಂದು ಮಾತೂ ಇಲ್ಲ, ಓದಿಗೆ ಅರ್ಥ ಉತ್ತರ ಕೊಡುತ್ತಿತ್ತು ಅಷ್ಟೇ. ಹಗ್ಗ ಎಲ್ಲಿ, ಕೊಳಲು ಯಾರಿಗೆ, ಮೂರನೆಯ ಮೆಟ್ಟಿಲ ಕೆಳಗೆ ಏನು, ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ಸಾಹೇಬರು ನನ್ನ ಮುಖ ನೋಡುವರು, ನಾನು ತಲೆಯಾಡಿಸುವೆ. ಅವರ ಕೈ ಈಗ ಸ್ವಲ್ಪ ನಡುಗುತ್ತಿತ್ತು. ಆದರೂ ಮೊದಲ ಕೋಣೆಯಲ್ಲಿ ಕತ್ತರಿಯನ್ನು ಎತ್ತಿಸದೆ ಬಿಡಲಿಲ್ಲ. ಮೂರು ತಿಂಗಳು ಹಿಡಿದದ್ದು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ನೀಲಪ್ಪ ರೊಟ್ಟಿ ಹಿಡಿದು ಮುದುಕಿಯ ಎದುರಿಗೆ ನಿಂತ.

ಹಸಿವು, ಅಪ್ಪ ಎಂದು ರಾಯರು ಓದಿದರು. ಅರ್ಧ ರೊಟ್ಟಿಯಾದರೂ ಸಾಕು. ಅಲ್ಲಿಗೆ ನಿಲ್ಲಿಸಿದರು. ಅಂಬಕ್ಕ ಬಾಯಿ ತೆರೆದರು, ಅರ್ಥ ಬರಲಿಲ್ಲ. ಕೊಟ್ಟರೆ ಸೇತುವೆಯಿಲ್ಲ, ಕೊಡದಿದ್ದರೆ ಅವರು ಬದುಕಿಡೀ ಹೇಳಿದ ಅರ್ಥಗಳೆಲ್ಲ ಇಲ್ಲ. ಸಾಹೇಬರ ಬೆರಳು ಮೌಸಿನ ಗುಂಡಿಯ ಮೇಲೆ ಕಾಯುತ್ತಿತ್ತು.

"ಅವಳು ಅರ್ಧ ಅಂದಿದ್ದಾಳೆ," ಎಂದೆ.

ವಾಚನದ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು. ಮೂವರೂ ನನ್ನತ್ತ ತಿರುಗಿದರು. ಅಪ್ಪನ ಮುಖ ಕಣ್ಣ ಮುಂದೆ ಬಂತು, ಆದರೂ ಮುಂದುವರಿಸಿದೆ. ಅವತ್ತೂ ಅರ್ಧ ಅಂದಿದ್ದಳು, ನಾಚಿಕೆಯಿಂದಲೋ ಏನೋ ನನಗೆ ತಿಳಿಯದು, ಕೇಳಿದ್ದು ಮಾತ್ರ ಅಷ್ಟನ್ನೇ ಎಂದೆ. ನೀಲಪ್ಪನ ಚೀಲದಲ್ಲಿ ಕತ್ತರಿ ಇದೆಯಲ್ಲ ಎಂದೂ ಹೇಳಿದೆ.

ಕಾಸಿಂ ಸಾಹೇಬರು ಮೌಸಿನಿಂದ ಕೈ ತೆಗೆದರು. ಅವರಿಗೆ ಇದು ಆಗ ಹೊಳೆಯಲು ಸಾಧ್ಯವೇ ಇರಲಿಲ್ಲ. ಅವರ ಅಂಗಡಿಯಲ್ಲಿ ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಿದ ಗಿರಾಕಿಯನ್ನು ಅವರು ಒಂದು ವರ್ಷ ಮಾತಾಡಿಸಿರಲಿಲ್ಲವೆಂದು ಊರಿಗೆಲ್ಲ ಗೊತ್ತು.

"ಬಟ್ಟೆ ಬಿಟ್ಟು ಬೇರೇನನ್ನೂ ಅದಕ್ಕೆ ಮುಟ್ಟಿಸಬಾರದು ಅಂತ ನಮ್ಮ ಉಸ್ತಾದರು ಕೈ ಮೇಲೆ ಹೊಡೆದು ಕಲಿಸಿದ್ದು," ಎಂದರು. "ಅನ್ನಕ್ಕೆ ಕತ್ತರಿ ಹಾಕ್ಲಾ ನಾನು?"

ಅಂಬಕ್ಕ ದಿಂಬಿನ ಮೇಲೆ ತಲೆ ಹೊರಳಿಸಿದರು. "ಹಾಕಿ ಸಾಹೇಬ್ರೇ. ಇಡೀ ಕೊಡಬೇಕು ಅಂದವಳು ನಾನು. ಕೇಳಿದೋಳ ಮಾತನ್ನ ನಾನೇ ಕೇಳಿಸ್ಕೊಳ್ಳಲಿಲ್ಲ."

ಸಾಹೇಬರು ಕೈಯನ್ನು ಪಂಚೆಗೆ ಒರೆಸಿಕೊಂಡು, ಕಣ್ಣಿನಲ್ಲೇ ಯಾರದೋ ಅಪ್ಪಣೆ ಬೇಡಿ, ಬಳಸು ಎಂಬುದರ ಮೇಲೆ ಒತ್ತಿದರು. ಕತ್ತರಿಯ ಮೇಲೆ ಒತ್ತಿದರು. ರೊಟ್ಟಿಯ ಮೇಲೆ ಒತ್ತಿದರು. ಏನೂ ಆಗದು ಎಂಬ ಮಾತಿಗೆ ನಾವು ಕಾದೆವು. ಅದು ಬರಲಿಲ್ಲ. ಚೀಲದ ಸಾಲಿನಲ್ಲಿ ಕತ್ತರಿ ಇದ್ದ ಜಾಗ ಖಾಲಿಯಾಗಿತ್ತು. ಒಂದು ರೊಟ್ಟಿಯಿದ್ದಲ್ಲಿ ಎರಡು ಚೂರುಗಳಿದ್ದವು.

ಅರ್ಧವನ್ನು ಮುದುಕಿಗೆ ಕೊಟ್ಟರು. ದೇವರು ನಿನ್ನ ದಾರಿ ತೆರೆಯಲಿ ಎಂದಳು, ಅವೇ ಮಾತು. ಇನ್ನರ್ಧವನ್ನು ಸೇತುವೆಯ ಮೇಲೆ ನಾಯಿಗೆ ಹಾಕಿದರು. ಅದು ಎದ್ದು ಮೈ ಕೊಡವಿ, ರೊಟ್ಟಿ ಕಚ್ಚಿಕೊಂಡು ಪಕ್ಕಕ್ಕೆ ಹೋಗಿ ಕುಳಿತಿತು. ನೀಲಪ್ಪ ಸೇತುವೆ ದಾಟಿದ. ಅವನು ಹಿಂದೆಂದೂ ಇಟ್ಟಿರದ ಹೆಜ್ಜೆಗಳು ಅವು, ಹಿಮದ ಮೇಲೆ ಒಂದೊಂದಾಗಿ ಮೂಡಿದವು. ಆಚೆ ಗೋಪುರದ ಬಾಗಿಲು, ಬಾಗಿಲ ಮೇಲೆ ನಮಗೆ ಯಾರಿಗೂ ಗೊತ್ತಿರದ ಒಂದು ಬರಹ. ಅಲ್ಲಿಂದ ಮುಂದೆ ನನ್ನ ನೆನಪಿಗೂ ದಾರಿಯಿರಲಿಲ್ಲ. ರಾಯರು ಓದಲು ಮುಂದೆ ಬಗ್ಗಿದರು, ಕನ್ನಡಕ ಮಂಜಾಯಿತು, ಮತ್ತೆ ಒರೆಸಿದರು. ಬೆಳಕು ಇಳಿಯುತ್ತಿತ್ತು. ದೇವಸ್ಥಾನದಲ್ಲಿ ದೀಪದ ಹೊತ್ತಿನ ಗಂಟೆಯಾಯಿತು.

"ಭುಜಂಗಾ," ಎಂದರು ಅಂಬಕ್ಕ. "ಇವತ್ತಿಗೆ ಇಲ್ಲಿಗೆ ನಿಲ್ಸೋಣ. ನಾಳೆ ಬಾ."

ರಾಯರು ಬಾಗಿಲ ಚೌಕಟ್ಟನ್ನು ಹಿಡಿದು ಎದ್ದರು. ಬರುತ್ತೇನೆ ಅಕ್ಕ ಎಂದರೋ ಏನೋ, ಕೆಮ್ಮಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಒಮ್ಮೆ ಕೇಳಿದ್ದನ್ನು ಮರೆಯದ ನಾನು ಈ ಒಂದು ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕಾಸಿಂ ಸಾಹೇಬರು ಯಂತ್ರವನ್ನು ಅಲ್ಲಿಯೇ ಬಿಟ್ಟು ಬಟ್ಟೆ ಹೊದಿಸಿದರು. ಅದು ಹೊಸ್ತಿಲ ಮೇಲಿದ್ದುದರಿಂದ ಬಾಗಿಲು ಹಾಕಲು ಬರುವಂತಿರಲಿಲ್ಲ.

ನಾನು ಮನೆಗೆ ಬಂದು ಚೀಲವನ್ನು ಗೂಟಕ್ಕೆ ಹಾಕಿ ಮಲಗಿದೆ. ಗುಂಡು ಹಾಕಿದ ಜಾಗ ಸರಿಯಾಗಿತ್ತೋ ಇಲ್ಲವೋ ಬೆಳಿಗ್ಗೆಯೇ ತಿಳಿಯಬೇಕು. ಎದ್ದು ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಆಮೇಲೆ ಚೀಲದೊಳಗೆ ಕೈ ಹಾಕಿದೆ. ಬೆರಳಿಗೆ ತಳದ ಹೊಲಿಗೆ ಸಿಕ್ಕಿತು. ಮೂಲೆಯಲ್ಲಿ ಒಂದಿಷ್ಟು ಜುಂಗು, ಮತ್ತೇನೂ ಇಲ್ಲ. ಚೀಲವನ್ನು ಮಡಚಿ ಗೂಡಿನಲ್ಲಿಟ್ಟು ಬರಿ ಹೆಗಲಿನಲ್ಲಿ ಹೊರಟೆ. ಅಂಬಕ್ಕನ ಮನೆಯ ಮುಂದೆ ಬರುವಷ್ಟರಲ್ಲಿ ಒಳಗಿನಿಂದ ಇಬ್ಬರ ದನಿ ಕೇಳಿತು. ಮಧ್ಯಾಹ್ನದವರೆಗೆ ಕಾಯಲು ಅವರಿಗೆ ಆಗಿರಲಿಲ್ಲ. ಬಾಗಿಲ ಮೇಲಿನ ಆ ಬರಹದ ಅರ್ಥ ಏನಿರಬಹುದೆಂದು ಆಗಲೇ ಜಗಳ ಶುರುವಾಗಿತ್ತು.